ಮಕ್ಕಳ ಜೊತೆ ಜೈಸಲ್ಮೇರ್: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ

ಚಿಕ್ಕ ಮಕ್ಕಳನ್ನ ಕಟ್ಕೊಂಡು ರಾಜಸ್ಥಾನದ ಜೈಸಲ್ಮೇರ್‌ಗೆ ಹೋಗಿ ಬಂದವರನ್ನ ಕೇಳಿ ನೋಡಿ, ಕಥೆ ಎಲ್ಲರದ್ದೂ ಒಂದೇ. ಮೊದಲ ದಿನವೇ ಕೋಟೆ, ಹವೇಲಿ (ಕೆತ್ತನೆಯ ಹಳೇ ದೊಡ್ಡ ಮನೆ), ಕೆರೆ ಎಲ್ಲಾ ಒಂದೇ ಏಟಿಗೆ ಮುಗಿಸೋಕೆ ಹೋಗಿ ಮಧ್ಯಾಹ್ನ 2 ಗಂಟೆಗೆ ಮಗು ಕಲ್ಲಿನ ಮೆಟ್ಟಿಲ ಮೇಲೆ ಕೂತು ನಾನು ಏಳಲ್ಲ ಅಂತ ರಚ್ಚೆ ಹಿಡಿಯುತ್ತೆ, ಸಂಜೆ ಮರಳುದಿಬ್ಬ ಮುಟ್ಟೋ ಹೊತ್ತಿಗೆ ಸೂರ್ಯ ಮುಳುಗೋಕೆ ಹತ್ತೇ ನಿಮಿಷ ಬಾಕಿ, ರಾತ್ರಿ ಟೆಂಟಲ್ಲಿ ಡಿಜೆ ಗಲಾಟೆಗೆ ನಿದ್ದೆ ಇಲ್ಲ, ಮಾರನೇ ದಿನ ಗಡಿ ಹತ್ತಿರದ ಲೋಂಗೆವಾಲಾ, ತನೋಟ್ ಅಂತ ಹೋಗಿ ಬರೋಕೆ 250 ಕಿ.ಮೀ.ಗೂ ಜಾಸ್ತಿ ಕಾರಲ್ಲಿ ಕೂರಿಸಿ ವಾಂತಿ. ಆಮೇಲೆ "ಅಯ್ಯೋ ಮಕ್ಕಳಿಗೆ ಆ ಊರು ಅಲ್ಲ ಬಿಡಿ" ಅಂತಾರೆ.

ಊರಿಂದೇನೂ ತಪ್ಪಿಲ್ಲ. ಚಿಕ್ಕ ಊರು, ಒಂದು ತುದಿಯಿಂದ ಇನ್ನೊಂದು ತುದಿಗೆ ಆಟೋದಲ್ಲಿ ಹತ್ತು ಹದಿನೈದು ನಿಮಿಷ, ಮಕ್ಕಳಿಗೆ ಬೇಕಾದ್ದೆಲ್ಲ ಇದೆ. ಕೆಡೋದು ಆರ್ಡರ್‌ನಲ್ಲಿ. ಎಲ್ಲರೂ ಮ್ಯಾಪ್ ನೋಡ್ಕೊಂಡು ಪ್ಲಾನ್ ಮಾಡ್ತಾರೆ, ಇಲ್ಲಿ ಬಿಸಿಲು ನೋಡ್ಕೊಂಡು ಮಾಡ್ಬೇಕು. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ರೂಮು, ಅಷ್ಟೇ ಲೆಕ್ಕ. ಇದಕ್ಕೆ ಕಮ್ಮಿ ಅಂದ್ರೂ ಮೂರು ರಾತ್ರಿ ಬೇಕು. ಎರಡೇ ರಾತ್ರಿ ಇರೋದು ಅನ್ನೋರು ಕೆಳಗಿನ ಹಂತ 8 ಪೂರ್ತಿ ಬಿಟ್ಟುಬಿಡಿ, ಬೇರೆ ಯಾವುದನ್ನೂ ಒತ್ತೊತ್ತಾಗಿ ತುರುಕಬೇಡಿ.

ಹಂತ 1: ತಿಂಗಳು ಫಿಕ್ಸ್ ಮಾಡಿ, ಟಿಕೆಟ್ ಆಮೇಲೆ

ನಮ್ಮ ದೊಡ್ಡ ಸ್ಕೂಲ್ ರಜೆಗಳಿಗೂ ಮರುಭೂಮಿಗೂ ಆಗಿಬರಲ್ಲ. ಬೇಸಿಗೆ ರಜೆ ಅಂದ್ರೆ ಏಪ್ರಿಲ್, ಮೇ, ಅಲ್ಲಿ ಆಗ ಮಧ್ಯಾಹ್ನ 40 ಡಿಗ್ರಿ ದಾಟಿರುತ್ತೆ, ಆ ಯೋಚನೆಯನ್ನೇ ಮಾಡ್ಬೇಡಿ, ಹೋಟೆಲ್ ಅರ್ಧ ರೇಟಿಗೆ ಸಿಗ್ತಿದೆ ಅಂತ ಬುಕ್ ಮಾಡೋರು ಪ್ರತಿ ವರ್ಷ ಇರ್ತಾರೆ, ಅರ್ಧ ರೇಟಿಗೆ ಯಾಕೆ ಕೊಡ್ತಿದ್ದಾರೆ ಅಂತ ಯಾರೂ ಕೇಳ್ಕೊಳ್ಳಲ್ಲ. ದಸರಾ ರಜೆ ಅಕ್ಟೋಬರ್‌ನಲ್ಲಿ ಬಂದ್ರೂ ಹಗಲು ಇನ್ನೂ 35ರ ಆಸುಪಾಸು.

ಒಳ್ಳೇ ಟೈಮ್ ನವೆಂಬರ್ ಮಧ್ಯದಿಂದ ಫೆಬ್ರವರಿ ಮುಗಿಯೋವರೆಗೆ. ಅದರಲ್ಲೂ ಕ್ರಿಸ್‌ಮಸ್‌ನಿಂದ ನ್ಯೂ ಇಯರ್‌ವರೆಗಿನ ವಾರ ಜನಜಾತ್ರೆ, ರೇಟು ಡಬಲ್, ಮರಳಿನ ಮೇಲೆ ಮರಳಿಗಿಂತ ಜೀಪೇ ಜಾಸ್ತಿ. ಸ್ಕೂಲಲ್ಲಿ ಎರಡು ದಿನ ಲೀವ್ ಹಾಕಿದ್ರೂ ಪರವಾಗಿಲ್ಲ, ಸಂಕ್ರಾಂತಿ ಆದ್ಮೇಲೆ ಅಥವಾ ನವೆಂಬರ್ ಕೊನೇಲಿ ಹೋಗಿ. ಮಾಘ ಹುಣ್ಣಿಮೆ ಹೊತ್ತಿಗೆ ಡೆಸರ್ಟ್ ಫೆಸ್ಟಿವಲ್ ನಡೆಯುತ್ತೆ. ಒಂಟೆ ರೇಸು, ಪೇಟ ಸುತ್ತೋ ಸ್ಪರ್ಧೆ ಎಲ್ಲಾ ಚೆನ್ನಾಗೇ ಇರುತ್ತೆ, ಆದ್ರೆ ಐದು ವರ್ಷದ ಒಳಗಿನ ಮಕ್ಕಳಿದ್ರೆ ಆ ಗುಂಪು ಬೇಡ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಜೈಸಲ್ಮೇರ್ ದೇಶದ ಪಶ್ಚಿಮ ತುದಿ, ಹಾಗಾಗಿ ಡಿಸೆಂಬರ್ ಕೊನೆ, ಜನವರಿಯಲ್ಲಿ ಸೂರ್ಯ ಹುಟ್ಟೋದೇ ಏಳೂವರೆ ಹೊತ್ತಿಗೆ. ಮುಳುಗೋದು ಹೆಚ್ಚುಕಮ್ಮಿ ನಮ್ಮ ಕಡೆ ಥರಾನೇ, ಆರರ ಆಸುಪಾಸು. ಅಂದ್ರೆ ದಿನ ಗಿಡ್ಡ. ಬೆಳಿಗ್ಗೆ 6ಕ್ಕೆ ಮಕ್ಕಳನ್ನ ಎಬ್ಬಿಸಿ ರೆಡಿ ಮಾಡಿ ಹೊರಗೆ ನಿಲ್ಸಿದ್ರೆ ಕತ್ತಲು, ಚಳಿ ಬಿಟ್ರೆ ಏನೂ ಇರಲ್ಲ.

ಹಂತ 2: ಹೋಗೋದು, ಉಳ್ಕೊಳ್ಳೋದು

ಜೈಸಲ್ಮೇರ್‌ಗೇ ವಿಮಾನ ಇರುತ್ತೆ ಆದ್ರೆ ಸೀಸನ್ ನೋಡ್ಕೊಂಡು ಬಿಡ್ತಾರೆ, ಶೆಡ್ಯೂಲ್ ಬದಲಾಗ್ತಾ ಇರುತ್ತೆ. ನಂಬಿಕಸ್ತ ದಾರಿ ಅಂದ್ರೆ ಜೋಧಪುರದವರೆಗೆ ಫ್ಲೈಟ್, ಅಲ್ಲಿಂದ ಸುಮಾರು 280 ಕಿ.ಮೀ. ರೋಡು, ಐದು ಗಂಟೆ ಹಿಡಿಯುತ್ತೆ, ಮಕ್ಕಳಿದ್ರೆ ಆರು ಅಂದ್ಕೊಳ್ಳಿ. ಬೆಂಗಳೂರಿಂದ ಜೋಧಪುರಕ್ಕೆ ಹುಬ್ಬಳ್ಳಿ ಮೇಲೆ ಹೋಗೋ ರೈಲೂ ಇದೆ, ಅಜ್ಜಿ ತಾತ ಜೊತೆಗಿದ್ರೆ ಇಡೀ ಬೋಗಿ ಮನೆ ಆಗ್ಬಿಡುತ್ತೆ, ಟೈಮ್ ಇದ್ದೋರಿಗೆ ಓಕೆ.

ತುಂಬಾ ಜನ ಎಡವೋ ಜಾಗ ಇದು: ಫ್ಲೈಟ್ ಇಳಿದ ದಿನವೇ ಐದು ಗಂಟೆ ಕಾರಲ್ಲಿ ಕೂತು ರಾತ್ರಿ 9ಕ್ಕೆ ಸೀದಾ ಮರಳಿನ ಕ್ಯಾಂಪಿಗೆ ಹೋಗೋದು. ಬೇಡ. ಒಂದೋ ಜೋಧಪುರದಲ್ಲಿ ರಾತ್ರಿ ಇರಿ, ಇಲ್ಲಾ ಬೆಳಗಿನ ಫ್ಲೈಟ್ ಹಿಡಿದು ಸಂಜೆಗೆ ಊರು ಸೇರ್ಕೊಳ್ಳಿ.

ಉಳ್ಕೊಳ್ಳೋದು ಕೋಟೆ ಒಳಗಾ ಹೊರಗಾ ಅಂತ ಎಲ್ಲರೂ ಕೇಳ್ತಾರೆ. ಮಕ್ಕಳಿದ್ರೆ ಹೊರಗೆ, ಎರಡನೇ ಮಾತಿಲ್ಲ. ಕೋಟೆ ಒಳಗೆ ಇವತ್ತಿಗೂ ಜನ ವಾಸ ಇದ್ದಾರೆ, ಅದಕ್ಕೇ ಗೆಸ್ಟ್‌ಹೌಸ್‌ಗಳೂ ಇವೆ, ಫೋಟೋದಲ್ಲಿ ಸಖತ್ತಾಗಿ ಕಾಣುತ್ತೆ. ಆದ್ರೆ ನಿಮ್ಮ ಕಾರು ಒಳಗೆ ಬರಲ್ಲ, ಸೂಟ್‌ಕೇಸು ಮಗು ಎರಡನ್ನೂ ಕಲ್ಲುಹಾಸಿನ ಏರಲ್ಲಿ ಹೊತ್ಕೊಂಡು ಹೋಗ್ಬೇಕು, ಮೆಟ್ಟಿಲು ಕಡಿದು, ಟೆರೇಸ್ ಗೋಡೆ ಕೆಲವು ಕಡೆ ಮೊಣಕಾಲೆತ್ತರ. ಅದರ ಮೇಲೆ ಕೋಟೆ ಒಳಗೆ ಬಳಸಿದ ನೀರು ಅಡಿಪಾಯಕ್ಕೆ ಇಳಿದು ಗೋಡೆಗಳು ಕುಸಿಯೋ ತೊಂದರೆ ದಶಕಗಳಿಂದ ಇದೆ, ಅಲ್ಲಿ ಬಕೆಟ್‌ಗಟ್ಲೆ ನೀರು ಸುರಿಯೋಕೆ ನಾವೂ ಯಾಕೆ ಸೇರ್ಕೋಬೇಕು. ಕೆಳಗಡೆ ಊರಲ್ಲಿ, ಕೋಟೆ ಕಾಣೋ ಹಾಗೆ ಟೆರೇಸ್ ಇರೋ ಹೋಟೆಲ್ ತಗೊಳ್ಳಿ. ಬುಕ್ ಮಾಡೋ ಮುಂಚೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಕಾರು ಬಾಗಿಲವರೆಗೆ ಬರುತ್ತಾ, ಗ್ರೌಂಡ್ ಫ್ಲೋರ್ ರೂಮ್ ಇದ್ಯಾ, ಗೀಸರ್ 24 ಗಂಟೆನಾ ಅಥವಾ ಬೆಳಿಗ್ಗೆ ಮಾತ್ರನಾ.

ಹಂತ 3: ಬ್ಯಾಗಿಗೆ ಏನು ಹಾಕ್ಬೇಕು

ಚಳಿಗಾಲದಲ್ಲಿ ಹಗಲು 24–25 ಡಿಗ್ರಿ, ರಾತ್ರಿ 8ಕ್ಕೂ ಕೆಳಗೆ ಇಳಿಯುತ್ತೆ, ಮರಳಿನ ಕಡೆ ಇನ್ನೂ ಚಳಿ. ಒಂದೇ ದಪ್ಪ ಜಾಕೆಟ್ ತಗೊಂಡು ಹೋದ್ರೆ ಮಗು ಒಂದೋ ಬೆವರುತ್ತೆ ಇಲ್ಲಾ ನಡುಗುತ್ತೆ. ಪದರ ಪದರ ಹಾಕಿ: ಒಳಗೆ ಕಾಟನ್ ಬನಿಯನ್, ಮೇಲೆ ಫುಲ್ ತೋಳಿನ ತೆಳು ಶರ್ಟು, ಅದರ ಮೇಲೆ ಸ್ವೆಟರ್, ಕೊನೆಗೆ ಗಾಳಿ ತಡೆಯೋ ಜಾಕೆಟ್. ಕಿವಿ ಮುಚ್ಚೋ ಟೋಪಿ ಬೇಕೇ ಬೇಕು.

ಇನ್ನುಳಿದಂತೆ:
- ಅಗಲ ಅಂಚಿನ ಹ್ಯಾಟು, ಗದ್ದಕ್ಕೆ ದಾರ ಇರೋದು. ಕ್ಯಾಪ್ ಗಾಳಿಗೆ ಹಾರುತ್ತೆ, ಕತ್ತು ಮುಚ್ಚಲ್ಲ.
- ಮಗುವನ್ನ ಮೈಗೆ ಕಟ್ಕೊಳ್ಳೋ ಕ್ಯಾರಿಯರ್. ಸ್ಟ್ರೋಲರ್ ಮನೇಲೇ ಬಿಡಿ, ಕೋಟೆ ಕಲ್ಲಿನ ಮೇಲೂ ಉರುಳಲ್ಲ, ಮರಳಲ್ಲಂತೂ ಕೇಳಲೇಬೇಡಿ.
- ಓಆರ್‌ಎಸ್ ಪುಡಿ ಪ್ಯಾಕೆಟ್. ಟೆಟ್ರಾ ಪ್ಯಾಕಲ್ಲಿ ಬರೋ ಸಿಹಿ ಡ್ರಿಂಕ್ ಅಲ್ಲ. ದೊಡ್ಡ ಪ್ಯಾಕೆಟ್ ಒಂದಕ್ಕೆ ಪೂರ್ತಿ ಒಂದು ಲೀಟರ್ ನೀರು, ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಿ ಕೊಡೋದು ತಪ್ಪು.
- ವ್ಯಾಸಲೀನ್. ತುಟಿಗೆ, ಕೆನ್ನೆಗೆ, ಮೂಗಿನ ಹೊಳ್ಳೆ ಒಳ ಅಂಚಿಗೆ ರಾತ್ರಿ ಮಲಗೋ ಮುಂಚೆ ಸ್ವಲ್ಪ.
- ಹಲ್ಲು ಹತ್ತಿರ ಹತ್ತಿರ ಇರೋ ಚಿಕ್ಕ ಬಾಚಣಿಗೆ, ಇದ್ಯಾಕೆ ಅಂತ ಹಂತ 7ರಲ್ಲಿ ಹೇಳ್ತೀನಿ.
- ಕಡು ಕೆಂಪು ಅಥವಾ ನೀಲಿ ಬಟ್ಟೆ. ಫೋಟೋಗೆ ಚೆನ್ನಾಗಿರುತ್ತೆ ಅಂತ ಹಳದಿ, ಖಾಕಿ, ಕ್ರೀಂ ಕಲರ್ ಹಾಕ್ಬೇಡಿ, ಮರಳಲ್ಲಿ ಮಗು ಕಾಣೋದೇ ಇಲ್ಲ.
- ಎಲೆಕ್ಟ್ರಿಕ್ ಕೆಟಲ್, ಜೊತೆಗೆ ಅವಲಕ್ಕಿ, ಉಪ್ಪಿಟ್ಟು ಮಿಕ್ಸು, ಪುಳಿಯೋಗರೆ ಗೊಜ್ಜು.

ಮೂಗಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಬೆಂಗಳೂರು, ಮಂಗಳೂರು ಮಕ್ಕಳಿಗೆ ಅಲ್ಲಿನ ಒಣ ಗಾಳಿ ಅಭ್ಯಾಸ ಇರಲ್ಲ, ಎರಡನೇ ದಿನ ಬೆಳಿಗ್ಗೆ ದಿಂಬಿನ ಮೇಲೆ ರಕ್ತ ನೋಡಿ ಅಪ್ಪ ಅಮ್ಮ ಗಾಬರಿ ಬೀಳ್ತಾರೆ. ತಲೆ ಹಿಂದಕ್ಕೆ ಬಾಗಿಸ್ಬೇಡಿ, ರಕ್ತ ಗಂಟಲಿಗಿಳಿದು ವಾಂತಿ ಆಗುತ್ತೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನ ಹತ್ತು ನಿಮಿಷ ಬಿಡದೆ ಒತ್ತಿ ಹಿಡ್ಕೊಳ್ಳಿ, ಮಧ್ಯ ಮಧ್ಯ ಬಿಟ್ಟು ನಿಂತಿತಾ ಅಂತ ನೋಡೋದೇ ಎಲ್ಲರೂ ಮಾಡೋ ತಪ್ಪು. ಇಪ್ಪತ್ತು ನಿಮಿಷ ಆದ್ರೂ ನಿಲ್ಲದಿದ್ರೆ ಆಸ್ಪತ್ರೆ.

ಹಂತ 4: ಮೊದಲ ಸಂಜೆ ಬರೀ ಗಡಿಸರ್ ಕೆರೆ

ಬಂದ ದಿನ ಕೋಟೆ ಹತ್ತಬೇಡಿ. ರೂಮಲ್ಲಿ ಒಂದು ಗಂಟೆ ಬಿದ್ಕೊಂಡು ನಾಲ್ಕರ ಹೊತ್ತಿಗೆ ಗಡಿಸರ್‌ಗೆ ಹೋಗಿ. ಒಂದು ಕಾಲದಲ್ಲಿ ಇಡೀ ಊರಿಗೆ ಕುಡಿಯೋ ನೀರು ಇದೇ ಕೆರೆದು, ಈಗ ಪೆಡಲ್ ಬೋಟು ಇದೆ. ಮಕ್ಕಳ ಸೈಜಿನ ಲೈಫ್ ಜಾಕೆಟ್ ಕೊಟ್ರೆ ಮಾತ್ರ ಹತ್ತಿ, ದೊಡ್ಡವರ ಜಾಕೆಟ್ ಹಾಕಿ ಸರಿ ಹೋಗುತ್ತೆ ಸಾರ್ ಅಂತಾರೆ, ಸರಿ ಹೋಗಲ್ಲ, ನೀರಿಗೆ ಬಿದ್ರೆ ಅದು ತಲೆ ಮೇಲಿಂದ ಕಳಚ್ಕೊಳ್ಳುತ್ತೆ.

ಮಕ್ಕಳಿಗೆ ಬೋಟಿಗಿಂತ ಮೀನೇ ಇಷ್ಟ ಆಗುತ್ತೆ. ಮೀಸೆ ಮೀನುಗಳು ಘಾಟಿನ ಮೆಟ್ಟಿಲವರೆಗೂ ಬಂದು, ಬ್ರೆಡ್ ಚೂರು ಬಿದ್ದ ತಕ್ಷಣ ಒಂದರ ಮೇಲೊಂದು ಹತ್ತಿ ಬಾಯಿ ತೆಗೆದು ನೀರಿಂದ ಅರ್ಧ ಮೇಲಕ್ಕೇ ಬರ್ತವೆ, ಕಪ್ಪಗೆ ಲೊಳ ಲೊಳ ಅಂತ, ದೊಡ್ಡವರಿಗೆ ಸ್ವಲ್ಪ ಅಸಹ್ಯ ಮಕ್ಕಳಿಗೆ ಕುಣಿದಾಟ. ಕೊನೇ ಎರಡು ಮೆಟ್ಟಿಲು ಪಾಚಿ ಹಿಡಿದಿರುತ್ತೆ. ಮೂರನೇ ಮೆಟ್ಟಿಲಿಂದ ಕೆಳಗೆ ಬಿಡಬೇಡಿ, ಕೈ ಹಿಡ್ಕೊಂಡೇ ಇರಿ.

ಕೆರೆ ಹತ್ತಿರವೇ ಡೆಸರ್ಟ್ ಕಲ್ಚರ್ ಸೆಂಟರ್ ಇದೆ, ಸಂಜೆ ಗೊಂಬೆಯಾಟ ಅಂದ್ರೆ ಕಠಪುತಲಿ ಶೋ ಮಾಡ್ತಾರೆ. ಟೈಮ್ ಹೋಟೆಲ್‌ನವರ ಹತ್ರ ಕೇಳ್ಬೇಡಿ, ಕೆರೆಗೆ ಹೋಗೋವಾಗ ಅಲ್ಲೇ ಇಳಿದು ಕೇಳಿ ಟಿಕೆಟ್ ತಗೊಳ್ಳಿ. ಮುಂದಿನ ಸಾಲಲ್ಲಿ ಕೂರಿಸಿ, ಹಿಂದೆ ಕೂತ್ರೆ ದಾರಕ್ಕೆ ಕಟ್ಟಿದ ಗೊಂಬೆ ಕಾಣಲ್ಲ, ಹಿಂದಿ ಮಾತು ಅರ್ಥ ಆಗದೆ ಮಕ್ಕಳು ಹತ್ತು ನಿಮಿಷಕ್ಕೆ ಬೋರ್ ಹೊಡಿತಾರೆ. ಎಂಟಕ್ಕೆ ಊಟ, ಒಂಬತ್ತಕ್ಕೆ ನಿದ್ದೆ.

ಹಂತ 5: ಎರಡನೇ ದಿನ ಬೆಳಿಗ್ಗೆ ಕೋಟೆ

ಎಂಟೂವರೆಗೆ ಕೋಟೆ ಬಾಗಿಲಲ್ಲಿರಿ, ಹತ್ತೂವರೆ ಹನ್ನೊಂದಕ್ಕೆ ಕೆಳಗಿಳಿರಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು, 99 ಬುರುಜು. ಮಕ್ಕಳಿಗೆ ಇಷ್ಟು ಹೇಳಿದ್ರೆ ಸಾಕು. ಬುರುಜು ಎಣಿಸೋ ಕೆಲಸ ಕೊಡಿ, ಎಣಿಸಿ ಮುಗಿಸಲ್ಲ ಆದ್ರೆ ಏರು ಹತ್ತಿ ಮುಗಿಸ್ತಾರೆ.

ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಅಂತ ನಾಲ್ಕು ಬಾಗಿಲು ದಾಟಿ ಮೇಲಿನ ದಸರಾ ಚೌಕಕ್ಕೆ ಬರ್ತೀರ. ಈ ಏರಿನ ಕಲ್ಲುಗಳು ಶತಮಾನಗಟ್ಲೆ ಕಾಲು ತುಳಿದು ಕನ್ನಡಿ ಥರ ನುಣುಪಾಗಿವೆ, ಕ್ರಾಕ್ಸ್ ಹಾಕಿದ ಮಕ್ಕಳು ಇಳಿಯೋವಾಗ ಜಾರಿ ಬೀಳ್ತಾರೆ, ಹಿಡಿತ ಇರೋ ಶೂ ಹಾಕಿ. ಇದೇ ಏರಲ್ಲಿ ಬೈಕು, ಆಟೋ ಎಲ್ಲಾ ಬರುತ್ತೆ, ತಿರುವಲ್ಲಿ ಹಾರ್ನ್ ಮಾತ್ರ ಕೇಳ್ಸುತ್ತೆ ಗಾಡಿ ಕಾಣಲ್ಲ, ಹಾಗಾಗಿ ಮಗು ಯಾವಾಗ್ಲೂ ಗೋಡೆ ಕಡೆ, ನೀವು ರೋಡ್ ಕಡೆ.

ಆರ್ಡರ್ ಹೀಗಿರಲಿ: ಮೊದಲು ಜೈನ ದೇವಸ್ಥಾನಗಳು, ಆಮೇಲೆ ಅರಮನೆ ಮ್ಯೂಸಿಯಂ, ಕೊನೆಗೆ ತೋಪು ಇಟ್ಟಿರೋ ಬುರುಜು. ಎಲ್ಲರೂ ಉಲ್ಟಾ ಮಾಡಿ ಮಧ್ಯಾಹ್ನ ದೇವಸ್ಥಾನಕ್ಕೆ ಬಂದು ಬಾಗಿಲು ಹಾಕಿದೆ ಅಂತ ವಾಪಸ್ ಹೋಗ್ತಾರೆ, ಹೊರಗಿನವರನ್ನ ಬೆಳಿಗ್ಗೆ ಹೊತ್ತಲ್ಲಿ ಮಾತ್ರ ಬಿಡೋದು. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡಲ್ಲ, ರೂಮಲ್ಲೇ ಬಿಟ್ಟು ಬನ್ನಿ. ಅರಮನೆ ಒಳಗೆ ಕಿರಿದಾದ ಮೆಟ್ಟಿಲು, ಒನ್ ವೇ, ಮಧ್ಯದಲ್ಲಿ ಟಾಯ್ಲೆಟ್ ಅಂದ್ರೆ ಕಷ್ಟ. ಆರು ವರ್ಷದ ಒಳಗಿನವರಿದ್ರೆ ಅರಮನೆ ಬಿಟ್ಟುಬಿಡಿ, ನಷ್ಟ ಏನಿಲ್ಲ.

ಬುರುಜಿನ ಮೇಲೆ ಹುಷಾರು. ಇಡೀ ಊರು ಜೇನುಬಣ್ಣದಲ್ಲಿ ಕಾಣೋದು ಅಲ್ಲಿಂದಲೇ ನಿಜ, ಆದ್ರೆ ಸೆಲ್ಫಿಗೆ ಅಂತ ಮಗುವನ್ನ ಗೋಡೆ ಮೇಲೆ ಕೂರಿಸೋರನ್ನ ನೋಡಿ ಹೊಟ್ಟೆ ತೊಳಸುತ್ತೆ ನನಗೆ.

ಕೋಟೆಯ ಮೊದಲ ಬಾಗಿಲ ಹತ್ತಿರ ಸರ್ಕಾರಿ ಪರವಾನಗಿ ಇರೋ ಭಾಂಗ್ (ಭಂಗಿ ಸೊಪ್ಪು) ಅಂಗಡಿ ಇದೆ. ಭಾಂಗ್ ಹಾಕಿದ ಲಸ್ಸಿ, ಕುಕ್ಕೀಸ್ ಎಲ್ಲಾ ಸಿಗುತ್ತೆ, ನೋಡೋಕೆ ಮಾಮೂಲಿ ಬಿಸ್ಕತ್ ಥರಾನೇ. "ಸ್ಪೆಷಲ್ ಲಸ್ಸಿ" ಅಂತ ಎಲ್ಲೇ ಬರೆದಿದ್ರೂ ಮಕ್ಕಳಿಗೆ ಕೊಡಿಸ್ಬೇಡಿ, ಕೇಳಿ ತಗೊಳ್ಳಿ. ಸುಮ್ಮನೆ ಸಿಹಿ ಬೇಕು ಅಂದ್ರೆ ಊರಿನ ಘೋಟುವಾ ಲಡ್ಡು ಕೊಡಿಸಿ, ಬಾಯಲ್ಲಿಟ್ರೆ ಕರಗುತ್ತೆ.

ಹಂತ 6: ಮಧ್ಯಾಹ್ನ ಏನೂ ಮಾಡದೇ ಇರೋದು

ಹೌದು ಇದೂ ಒಂದು ಹಂತ, ಜನ ಸ್ಕಿಪ್ ಮಾಡೋದೂ ಇದನ್ನೇ. 12ರಿಂದ 3ರವರೆಗೆ ರೂಮು. ಚಳಿಗಾಲ ಅಲ್ವಾ ಬಿಸಿಲು ಚುರುಕಿಲ್ಲ ಅನ್ಸುತ್ತೆ, ಗಾಳಿ ತಣ್ಣಗಿರುತ್ತೆ, ಬೆವರು ಬಂದಿದ್ದೂ ಗೊತ್ತಾಗದೆ ಒಣಗುತ್ತೆ, ಮಗು ನೀರು ಕೇಳಲ್ಲ. ಸಂಜೆ ತಲೆನೋವು ಅಂತ ಅಳೋವಾಗ ಅಪ್ಪ ಅಮ್ಮ ನಿದ್ದೆ ಕಮ್ಮಿ ಆಗಿದೆ ಅಂದ್ಕೊಳ್ತಾರೆ, ಬೆಳಿಗ್ಗೆಯಿಂದ ಎಷ್ಟು ಸಲ ಸುಸ್ಸು ಮಾಡಿದೆ ಅಂತ ಲೆಕ್ಕ ಹಾಕಿದ್ರೆ ಉತ್ತರ ಅಲ್ಲೇ ಇರುತ್ತೆ. ಬಾಯಾರಿಕೆ ಕಾಯಬೇಡಿ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಸ್ತಾ ಇರಿ.

ಊಟದ ಬಗ್ಗೆ: ದಾಲ್ ಬಾಟಿ ಚೂರ್ಮಾ, ಗಟ್ಟೆ ಪಲ್ಯ, ಕೇರ್ ಸಾಂಗ್ರಿ ಎಲ್ಲಾ ತಿನ್ಬೇಕಾದ್ದೇ, ಆದ್ರೆ ತುಪ್ಪ ಖಾರ ಎರಡೂ ಜೋರು, ಮರಳಿಗೆ ಹೋಗೋ ದಿನ ಮಧ್ಯಾಹ್ನ ಮಕ್ಕಳಿಗೆ ಬೇಡ. ಯಾವ ಹೋಟೆಲಲ್ಲೂ ಸಾದಾ ಅನ್ನ, ಮೊಸರು ಕೊಡ್ತಾರೆ, ಕಲಸಿದ್ರೆ ಮೊಸರನ್ನ ಆಯ್ತು. ಬಾಜ್ರೆ ರೊಟ್ಟಿ ಅಂದ್ರೆ ನಮ್ಮ ಸಜ್ಜೆ ರೊಟ್ಟಿನೇ, ಉತ್ತರ ಕರ್ನಾಟಕದ ಮಕ್ಕಳು ಬೆಲ್ಲ ತುಪ್ಪ ಹಚ್ಕೊಂಡು ಗಪ್‌ಚುಪ್ ತಿಂತಾರೆ, ಬೆಂಗಳೂರು ಮಕ್ಕಳಿಗೆ ಮ್ಯಾಗಿ ಎಲ್ಲಾ ಕಡೆ ಇದೆ ಬಿಡಿ.

ಹಂತ 7: ಮರಳು

ಇಡೀ ಟ್ರಿಪ್ ನಿಂತಿರೋದು ಇದರ ಮೇಲೆ, ಹೆಚ್ಚು ಹಾಳಾಗೋದೂ ಇಲ್ಲೇ.

ಎಲ್ಲಿಗೆ: ಸಮ್ ಅನ್ನೋ ಜಾಗ ಜೈಸಲ್ಮೇರ್ ಊರಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ., ಖುರಿ ನೈಋತ್ಯಕ್ಕೆ 50ರ ಹತ್ತಿರ. ಸಮ್‌ನಲ್ಲಿ ದಿಬ್ಬ ದೊಡ್ಡದು, ಜನ, ಜೀಪು, ಟೀ ಅಂಗಡಿ ಎಲ್ಲಾ ಜಾಸ್ತಿ. ಖುರಿ ಸಣ್ಣ ಹಳ್ಳಿ, ಶಾಂತ, ಸೌಲಭ್ಯ ಕಮ್ಮಿ. ಮಕ್ಕಳಿಗೆ ಆಡೋಕೆ ಖುರಿ ವಾಸಿ ಅನ್ನೋದು ನನ್ನ ಅಭಿಪ್ರಾಯ, ಮೊದಲ ಸಲ ಹೋಗೋರು, ಜೊತೆಗೆ ವಯಸ್ಸಾದವರಿರೋರು ಸಮ್‌ಗೆ ಹೋಗಿ.

ರಾತ್ರಿ ಅಲ್ಲೇ ಉಳ್ಕೊಬೇಕಾ: ಆರು ವರ್ಷದ ಒಳಗಿನವರಿದ್ರೆ ಡಿಸೆಂಬರ್, ಜನವರಿಯಲ್ಲಿ ಬೇಡ. ಸಂಜೆ ಹೋಗಿ ರಾತ್ರಿ ಎಂಟರೊಳಗೆ ಊರಿಗೆ ವಾಪಸ್ ಬನ್ನಿ. ದೊಡ್ಡ ಮಕ್ಕಳಿದ್ರೆ ಖಂಡಿತ ಉಳ್ಕೊಳ್ಳಿ, ಆದ್ರೆ ಕ್ಯಾಂಪ್ ಬುಕ್ ಮಾಡೋ ಮುಂಚೆ ಇಷ್ಟು ಕೇಳಿ: ಟೆಂಟಿಂದ ಮರಳಿಗೆ ನಡ್ಕೊಂಡು ಎಷ್ಟು ನಿಮಿಷ (ಎಷ್ಟೋ ಕ್ಯಾಂಪು ರೋಡ್ ಪಕ್ಕ ಗಟ್ಟಿ ನೆಲದಲ್ಲಿ ಇರ್ತವೆ, ಹೆಸರು ಮಾತ್ರ ಡ್ಯೂನ್ಸ್), ಮ್ಯೂಸಿಕ್ ಎಷ್ಟು ಗಂಟೆಗೆ ನಿಲ್ಸ್ತೀರ, ಅದು ಮಾಂಗಣಿಯಾರ್ ಹಾಡುಗಾರರದ್ದಾ ಇಲ್ಲಾ ಡಿಜೆನಾ, ಬಿಸಿ ನೀರು ಹೇಗೆ, ಮಕ್ಕಳಿಗೆ ಏಳಕ್ಕೇ ಅನ್ನ ದಾಲ್ ಕೊಡ್ತೀರಾ. ಬಫೆ ಶುರುವಾಗೋದು ಎಂಟೂವರೆ ಮೇಲೆ, ಅಷ್ಟೊತ್ತಿಗೆ ಅರ್ಧ ಮಕ್ಕಳು ಕುರ್ಚಿ ಮೇಲೇ ನಿದ್ದೆ ಹೊಡೀತಿರ್ತಾರೆ.

ಟೈಮಿಂಗ್: ಮೂರು ಗಂಟೆಗೆ ಊರು ಬಿಡಿ, ನಾಲ್ಕು ಕಾಲಿಗೆ ಮರಳ ಮೇಲಿರಿ. ಸೂರ್ಯಾಸ್ತ ನೋಡೋಕೆ ಮಾತ್ರ ಹೋಗೋದಾದ್ರೆ ಐದೂವರೆಗೆ ಹೋದ್ರೂ ನಡೆಯುತ್ತೆ, ಆದ್ರೆ ಮಕ್ಕಳಿಗೆ ಸೂರ್ಯ ಮುಖ್ಯ ಅಲ್ಲ, ಮರಳು ಮುಖ್ಯ, ಒಂದೂವರೆ ಗಂಟೆ ಆಟ ಬೇಕು. ದಾರಿಯಲ್ಲಿ ಸಿಗೋ ಕುಲಧರಾ ಪಾಳು ಹಳ್ಳಿಗೆ ಹೋಗಬೇಕು ಅಂದ್ರೆ ಎರಡೂಕಾಲಿಗೇ ಹೊರಡಿ. ಪಾಲಿವಾಲ ಬ್ರಾಹ್ಮಣರು ಬಿಟ್ಟು ಹೋದ ಊರು ಅದು, ಡ್ರೈವರ್‌ಗಳಿಗೆ ದೆವ್ವದ ಕಥೆ ಹೇಳೋದಂದ್ರೆ ಭಾರೀ ಖುಷಿ, ಮಕ್ಕಳ ಮುಂದೆ ಹೇಳ್ಬೇಡಿ ಅಂತ ಕಾರು ಹತ್ತೋ ಮುಂಚೆನೇ ಹೇಳಿಬಿಡಿ, ಇಲ್ಲಾಂದ್ರೆ ರಾತ್ರಿ ಟಾಯ್ಲೆಟ್‌ಗೂ ನಿಮ್ಮ ಕೈ ಹಿಡ್ಕೊಂಡೇ ಬರ್ತಾರೆ.

ಇಳಿದ ತಕ್ಷಣ: ಮೊದಲು ಟಾಯ್ಲೆಟ್, ಮರಳ ಮೇಲೆ ಯಾವುದೂ ಇಲ್ಲ. ನಿಮ್ಮ ಫೋನ್ ನಂಬರ್ ಮಗುವಿನ ಮುಂಗೈ ಮೇಲೆ ಪೆನ್ನಲ್ಲಿ ಬರೀರಿ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ, ಹಾಗಾಗಿ ಡ್ರೈವರ್ ಜೊತೆ ಎಲ್ಲಿ, ಎಷ್ಟೊತ್ತಿಗೆ ಸಿಗೋದು ಅಂತ ಬಾಯಲ್ಲೇ ಮಾತಾಡ್ಕೊಳ್ಳಿ. ಸ್ವೆಟರ್, ಟೋಪಿ ಕಾರಲ್ಲಿ ಬಿಡದೆ ಕೈಯಲ್ಲೇ ಇಟ್ಕೊಳ್ಳಿ, ಸೂರ್ಯ ಮುಳುಗಿದ ಅರ್ಧ ಗಂಟೆಯಲ್ಲಿ ಚಳಿ ಇಳಿಯುತ್ತೆ, ಆಟ ಆಡಿ ಒಳಬನಿಯನ್ ಒದ್ದೆ ಆಗಿದ್ರೆ ಮೊದಲು ಅದನ್ನ ಬದಲಾಯಿಸಿ ಆಮೇಲೆ ಸ್ವೆಟರ್ ಹಾಕಿ.

ಒಂಟೆ: ರೇಟು, ಎಷ್ಟು ಹೊತ್ತು, ಎಲ್ಲಿವರೆಗೆ, ಮೂರನ್ನೂ ಹತ್ತೋ ಮುಂಚೆ ಮಾತಾಡಿ. ಇಪ್ಪತ್ತು ಮೂವತ್ತು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಮಕ್ಕಳ ತೊಡೆ ಒಳಭಾಗ ಉಜ್ಜಿ ಕೆಂಪಾಗುತ್ತೆ, ಚಡ್ಡಿ ಬೇಡ ಉದ್ದ ಪ್ಯಾಂಟೇ ಹಾಕಿ. ಒಂದು ಒಂಟೆ ಮೇಲೆ ಒಬ್ಬ ದೊಡ್ಡವರು, ಮುಂದೆ ಮಗು. ಬೀಳೋದು ಹೋಗೋವಾಗ ಅಲ್ಲ, ಏಳೋವಾಗ ಮತ್ತು ಕೂರೋವಾಗ. ಒಂಟೆ ಹಿಂಗಾಲು ಮೊದಲು ಎತ್ತುತ್ತೆ, ನೀವು ಮುಂದಕ್ಕೆ ಮುಗ್ಗರಿಸ್ತೀರ, ತಕ್ಷಣ ಮುಂಗಾಲು ಎತ್ತಿ ಹಿಂದಕ್ಕೆ ದಬ್ಬುತ್ತೆ. ಕೂರೋವಾಗ ಮುಂಗಾಲು ಮೊದಲು ಮಡಚುತ್ತೆ, ಮತ್ತೆ ಮುಂದಕ್ಕೆ. ಒಂದು ಕೈಯಲ್ಲಿ ಜೀನಿನ ಗೂಟ, ಇನ್ನೊಂದು ಕೈ ಮಗುವಿನ ಹೊಟ್ಟೆ ಸುತ್ತ, ಬೆನ್ನು ಹಿಂದಕ್ಕೆ ಒರಗಿಸಿ. ಈ ಹೊತ್ತಲ್ಲಿ ವಿಡಿಯೋ ಮಾಡ್ತಾ ಒಂದು ಕೈ ಬಿಟ್ಟೋರೇ ಬೀಳೋದು. ಹಗ್ಗ ಹಿಡಿದು ನಡೆಯೋನು ಪಕ್ಕದಲ್ಲೇ ಇರ್ಬೇಕು, ಓಡಿಸ್ಬೇಡಪ್ಪಾ ಅಂತ ಮೊದಲೇ ಹೇಳಿ. ನಾಲ್ಕು ವರ್ಷದ ಒಳಗಿನವರಿಗೆ ಒಂಟೆ ಗಾಡಿ ಇದೆ, ಇಡೀ ಫ್ಯಾಮಿಲಿ ಕೂರಬಹುದು, ಖುಷಿಗೇನೂ ಕಮ್ಮಿ ಇಲ್ಲ. ಒಂಟೆಗೆ ಮೂಗಲ್ಲಿ ಹುಣ್ಣು, ಬೆನ್ನಲ್ಲಿ ಗಾಯ ಕಂಡ್ರೆ ಅದನ್ನ ಹತ್ತಬೇಡಿ, ಬೇರೆ ಕೇಳಿ.

ಜೀಪ್ ಸಫಾರಿ: ಹಿಂದೆ ನಿಂತ್ಕೊಂಡು ಕಂಬಿ ಹಿಡ್ಕೊಂಡು ದಿಬ್ಬದ ಮೇಲೆ ಹಾರಿಸೋದು. ಬೆಲ್ಟ್ ಇಲ್ಲ, ಹೆಲ್ಮೆಟ್ ಇಲ್ಲ. ಮಕ್ಕಳಿಗೆ ಬೇಡ, ಪ್ಯಾಕೇಜಲ್ಲಿ ಫ್ರೀ ಇದೆ ಅಂದ್ರೂ ಬೇಡ. ಕ್ವಾಡ್ ಬೈಕಿಗೂ ಇದೇ ಮಾತು.

ಆಟ ಆಡೋ ಜಾಗ ಹೇಗೆ ಆರಿಸೋದು: ಟೈರ್ ಗುರುತು ಇಲ್ಲದ ದಿಬ್ಬ ಹುಡುಕಿ. ಮರಳಲ್ಲಿ ನಿಜವಾದ ಅಪಾಯ ಹಾವು ಚೇಳಿಗಿಂತ ಜೀಪೇ, ದಿಬ್ಬದ ಆ ಕಡೆಯಿಂದ ಹತ್ತಿ ಬರೋ ಡ್ರೈವರ್‌ಗೆ ಈ ಕಡೆ ಇಳಿಜಾರಲ್ಲಿ ಜಾರ್ತಿರೋ ಮಗು ಕಾಣೋದೇ ಇಲ್ಲ. ಮನೆಯವರಲ್ಲಿ ಒಬ್ಬರು ದಿಬ್ಬದ ನೆತ್ತಿ ಮೇಲೆ ನಿಂತಿರಿ. ಗುಂಡಿ ತೋಡೋದಿದ್ರೆ ಮೊಣಕಾಲುದ್ದಕ್ಕಿಂತ ಆಳ ಬೇಡ, ಸುರಂಗ ಅಂತೂ ಬೇಡವೇ ಬೇಡ, ಒಣ ಮರಳು ಒಂದು ಕ್ಷಣದಲ್ಲಿ ಕುಸಿಯುತ್ತೆ. ಕಣ್ಣಿಗೆ ಮರಳು ಬಿದ್ರೆ ಉಜ್ಜೋಕೆ ಬಿಡಬೇಡಿ, ತಲೆ ಒಂದು ಪಕ್ಕಕ್ಕೆ ಬಾಗಿಸಿ ಬಾಟಲಿ ನೀರು ಮೂಗಿನ ಕಡೆಯಿಂದ ಕಿವಿ ಕಡೆಗೆ ಹರಿಸಿ.

ಬಾಚಣಿಗೆ ಯಾಕೆ ಅಂದ್ರೆ, ದಿಬ್ಬದ ಅಂಚಲ್ಲಿ ಹುಲ್ಲು ಇರೋ ಕಡೆ ಭರೂಟ್ ಅಂತ ಒಂದು ಮುಳ್ಳುಕಾಯಿ ಇರುತ್ತೆ, ಎಳ್ಳಿಗಿಂತ ಸ್ವಲ್ಪ ದೊಡ್ಡದು, ಸುತ್ತಲೂ ಸೂಜಿ. ಸಾಕ್ಸಿಗೆ, ಉಣ್ಣೆ ಬಟ್ಟೆಗೆ ಹತ್ತಿದ್ರೆ ಬೆರಳಲ್ಲಿ ಕೀಳೋಕಾಗಲ್ಲ, ಕಿತ್ತ ಬೆರಳಿಗೇ ಚುಚ್ಕೊಳ್ಳುತ್ತೆ. ಬಾಚಣಿಗೆಯಿಂದ ಒಂದೇ ದಿಕ್ಕಿಗೆ ಎಳೆದ್ರೆ ಉದುರುತ್ತೆ. ಅದಕ್ಕೇ ಹುಲ್ಲಿರೋ ಕಡೆ ಶೂ, ಬೋಳು ಮರಳಲ್ಲಿ ಬರಿಗಾಲು.

ವಾಪಸ್ ಬರೋವಾಗ ಡ್ರೈವರ್‌ಗೆ ನಿಧಾನ ಅಂತ ಹೇಳಿ, ಕತ್ತಲಲ್ಲಿ ರೋಡ್ ಮೇಲೆ ಹಸು, ಕುರಿ, ಒಂಟೆ ಎಲ್ಲಾ ನಿಂತಿರುತ್ತೆ. ಮಕ್ಕಳು ಹಿಂದಿನ ಸೀಟು, ಬೆಲ್ಟು ಹಾಕಿ.

ಹಂತ 8: ಮೂರನೇ ದಿನ, ಮಕ್ಕಳ ವಯಸ್ಸು ನೋಡಿ ಒಂದೋ ಎರಡೋ

ಹವೇಲಿಗಳು: ಪಟ್ವೋಂ ಕಿ ಹವೇಲಿ ಫೇಮಸ್ಸು, ಆದ್ರೆ ಮಕ್ಕಳ ಜೊತೆ ನಥಮಲ್ ಹವೇಲಿ ಮುಂದೆ ನಿಂತ್ಕೊಳ್ಳಿ ಸಾಕು. ಇಬ್ಬರು ಅಣ್ಣತಮ್ಮಂದಿರು ಎಡಭಾಗ ಒಬ್ಬ ಬಲಭಾಗ ಒಬ್ಬ ಕೆತ್ತಿದ್ರು ಅಂತ ಹೇಳ್ತಾರೆ, ದೂರದಿಂದ ಎರಡೂ ಒಂದೇ, ಹತ್ತಿರ ಹೋದ್ರೆ ಬೇರೆ ಬೇರೆ. ವ್ಯತ್ಯಾಸ ಹುಡುಕಿ ಅಂತ ಬಿಟ್ರೆ ಅರ್ಧ ಗಂಟೆ ನಿಮಗೆ ಆರಾಮ.

ಡೈನೋಸಾರ್ ಹುಚ್ಚಿರೋ ಮಕ್ಕಳಿಗೆ: ಬಾರ್ಮೇರ್ ರಸ್ತೆಯಲ್ಲಿ 17 ಕಿ.ಮೀ. ದೂರದ ಆಕಲ್ ವುಡ್ ಫಾಸಿಲ್ ಪಾರ್ಕು. ಸುಮಾರು 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ, ಮೇಲೆ ತಗಡಿನ ನೆರಳು, ಸುತ್ತ ಕಬ್ಬಿಣದ ಬಲೆ. ಇದೇ ಜಿಲ್ಲೆಯಲ್ಲಿ ಸಿಕ್ಕ 16.7 ಕೋಟಿ ವರ್ಷ ಹಳೇ ಡೈನೋಸಾರ್ ಪಳೆಯುಳಿಕೆಗೆ 2023ರಲ್ಲಿ ಥಾರೋಸಾರಸ್ ಇಂಡಿಕಸ್ ಅಂತ ಹೆಸರಿಟ್ರು, ಇದನ್ನ ಕಾರಲ್ಲಿ ಹೋಗ್ತಾ ಹೇಳಿ ಆಮೇಲೆ ಆ ಕಲ್ಲುಮರ ತೋರಿಸಿ. ಈ ಹುಚ್ಚು ಇಲ್ಲದ ಮಕ್ಕಳಿಗೆ, ಐದು ವರ್ಷದ ಒಳಗಿನವರಿಗೆ ಅದು ಬರೀ ಕಲ್ಲು, ಹೋಗ್ಬೇಡಿ. ಹೋಗೋರು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ನಡೆಯೋ ದಾರೀಲಿ ನೆರಳೇ ಇಲ್ಲ.

ಓಡಾಡೋಕೆ ಬಿಡಬೇಕು ಅನ್ನಿಸಿದ್ರೆ ಆರೇಳು ಕಿ.ಮೀ. ದೂರದ ಬಡಾ ಬಾಗ್, ರಾಜಮನೆತನದ ಛತ್ರಿಗಳು (ಸ್ಮಾರಕ ಮಂಟಪಗಳು), ಹಿಂದೆ ಗಾಳಿಯಂತ್ರ ತಿರುಗ್ತಾ ಇರುತ್ತೆ, ಸಂಜೆ ನಾಲ್ಕೂವರೆಗೆ ಸರಿ.

ಡೆಸರ್ಟ್ ನ್ಯಾಷನಲ್ ಪಾರ್ಕ್ ಬಗ್ಗೆ ಒಂದೇ ಮಾತು: 3,162 ಚದರ ಕಿ.ಮೀ. ಬಯಲು, ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ, ನಮ್ಮ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿತ್ತಲ್ಲ ಅದೇ ಹಕ್ಕಿ. ಗಂಟೆಗಟ್ಲೆ ಸುಮ್ಮನೆ ಕೂತು ಬೈನಾಕ್ಯುಲರ್ ಹಿಡಿಯೋ ತಾಳ್ಮೆ ಇರೋ ಮಕ್ಕಳಿಗೆ ಮಾತ್ರ.

ಹಂತ 9: ಈ ಸೂಚನೆ ಕಂಡ್ರೆ ಪ್ಲಾನ್ ನಿಲ್ಸಿ

- ನಾಲ್ಕೈದು ಗಂಟೆ ಸುಸ್ಸು ಇಲ್ಲ, ಅಥವಾ ಕಡು ಹಳದಿ. ತುಟಿ ಒಣಗಿದೆ: ನೆರಳು, ಓಆರ್‌ಎಸ್ ಸಣ್ಣ ಸಣ್ಣ ಗುಟುಕು.
- ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿದೆ, ಕುಡಿದಿದ್ದೆಲ್ಲ ವಾಂತಿ: ಮನೆಮದ್ದು ನಿಲ್ಸಿ, ಡಾಕ್ಟರ್ ಹತ್ರ ಹೋಗಿ.
- ಮೈ ಸುಡ್ತಾ ಇದೆ, ಮಾತು ತೊದಲ್ತಾ ಇದೆ, ತೂಕಡಿಕೆ: ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸ್ತಾ ಗಾಳಿ ಬೀಸ್ತಾ 108ಕ್ಕೆ ಫೋನ್ ಮಾಡಿ.
- ಮರಳಲ್ಲಿ ಕತ್ತಲಾದ್ಮೇಲೆ ನಡುಕ ನಿಲ್ತಾ ಇಲ್ಲ, ಮಂಕಾಗಿದೆ: ಒದ್ದೆ ಬಟ್ಟೆ ತೆಗೆದು ಕಂಬಳಿ ಒಳಗೆ ನಿಮ್ಮ ಮೈಗೆ ಒತ್ತಿ ಹಿಡ್ಕೊಳ್ಳಿ, ಎಚ್ಚರವಾಗಿದ್ರೆ ಬೆಚ್ಚಗಿನ ಹಾಲು ಕುಡಿಸಿ, ಕಾರು ಹತ್ತಿ.

ಜಿಲ್ಲಾ ಆಸ್ಪತ್ರೆ ಇರೋದು ಊರಲ್ಲಿ, ಸಮ್‌ನಲ್ಲಿದ್ರೆ 40 ಕಿ.ಮೀ. ವಾಪಸ್ ಬರ್ಬೇಕು. ಮಗುಗೆ ಬೆಳಿಗ್ಗೆಯೇ ಜ್ವರ, ಭೇದಿ ಇದ್ರೆ ಆ ದಿನ ಮರಳು ಕ್ಯಾನ್ಸಲ್, ಅಡ್ವಾನ್ಸ್ ಹೋದ್ರೆ ಹೋಗಲಿ.

ಹಂತ 10: ಹೊರಡೋ ದಿನ

ಲೋಂಗೆವಾಲಾ ನೋಡ್ಲಿಲ್ಲ ಅಂತ ಬೇಜಾರಿರೋ ಅಪ್ಪಂದಿರಿಗೆ: ಜೋಧಪುರ ರಸ್ತೆಯಲ್ಲೇ ಊರಿಂದ ಹತ್ತು ಕಿ.ಮೀ. ದೂರದಲ್ಲಿ ಸೇನೆಯ ವಾರ್ ಮ್ಯೂಸಿಯಂ ಇದೆ, 1971ರ ಲೋಂಗೆವಾಲಾ ಯುದ್ಧದ ಕಥೆ, ಟ್ಯಾಂಕು, ಯುದ್ಧವಿಮಾನ ಎಲ್ಲಾ ಬಯಲಲ್ಲೇ ನಿಲ್ಸಿದ್ದಾರೆ. ಹೇಗೂ ಅದೇ ದಾರೀಲಿ ಹೋಗ್ಬೇಕು, ಒಂದು ಗಂಟೆ ಇಳಿದು ನೋಡ್ಕೊಂಡು ಹೋದ್ರೆ ಆಯ್ತು. ಟ್ಯಾಂಕಿನ ಕಬ್ಬಿಣ ಬಿಸಿಲಿಗೆ ಕಾದಿರುತ್ತೆ, ಹತ್ತೋಕೆ ಬಿಡಬೇಡಿ, ಹತ್ತೋ ಹಾಗೂ ಇಲ್ಲ.

ಜೋಧಪುರದಲ್ಲಿ ಸಂಜೆ ಫ್ಲೈಟ್ ಇದ್ರೆ ಹೋಟೆಲ್ ಎಂಟೂವರೆಗೇ ಬಿಡಿ, ಮಧ್ಯಾಹ್ನದ ಊಟ ಪೋಖ್ರಣ್ ಹತ್ತಿರ. ರೂಮ್ ಬಿಡೋ ಮುಂಚೆ ಶೂ, ಪ್ಯಾಂಟ್ ಮಡಿಕೆ, ಬ್ಯಾಗಿನ ಮೂಲೆ ಎಲ್ಲಾ ಹೊರಗೆ ಕೊಡವಿ. ಬಾತ್‌ರೂಮಲ್ಲಿ ತೊಳೀಬೇಡಿ, ಮರಳು ಹೋಗಿ ಪೈಪು ಕಟ್ಕೊಳ್ಳುತ್ತೆ, ಹೋಟೆಲ್‌ನವರು ಬೈಕೊಳ್ತಾರೆ.